ಒಂದು ಗೇಣು ಕೇಬಲ್

ನಮ್ಮ ಭಾವ ಇಪ್ಪತ್ತೆಂಟು ವರ್ಷ ಆಕಾಶದ ಕೆಲಸ ಮಾಡಿದರು, ತಲೆಯೆತ್ತಿ ಆಕಾಶ ನೋಡಿದ್ದು ಮಾತ್ರ ಕಡಿಮೆ. ಊರಾಚೆಯ ರೇಡಾರ್ ಕೇಂದ್ರದ ಬಯಲಿನಲ್ಲಿ ಸಾವಿರ ಆಂಟೆನಾಗಳು ಸಾಲುಗಟ್ಟಿ ನಿಂತಿವೆ. ಅವುಗಳ ಕೇಬಲ್ ನೋಡಿಕೊಳ್ಳುವುದು ಭಾವನ ಕೆಲಸ, ಹಾಗಾಗಿ ದಿನವಿಡೀ ಬಗ್ಗಿಕೊಂಡೇ ಇರುತ್ತಿದ್ದರು. ಆಂಟೆನಾಗಳು ಒಟ್ಟಿಗೆ ರೇಡಿಯೋ ಅಲೆ ಮೇಲಕ್ಕೆ ಕಳಿಸುತ್ತವೆ. ಮೋಡದೆತ್ತರದ ಗಾಳಿಯಿಂದಲೂ, ನೂರು ಕಿಲೋಮೀಟರ್ ಮೇಲೆ ಬಿಸಿಲಿಗೆ ವಿದ್ಯುತ್ ತುಂಬಿಕೊಂಡಿರುವ ಅಯಾನುಗೋಳದಿಂದಲೂ ಚೂರುಪಾರು ಪ್ರತಿಧ್ವನಿ ವಾಪಸು ಬರುತ್ತದೆ. ಅಲ್ಲೆಲ್ಲ ಏನು ಎತ್ತ ಸಾಗುತ್ತಿದೆ ಎಂದು ಅದರಿಂದ ಲೆಕ್ಕ ಹಾಕುತ್ತಾರೆ. ಇಷ್ಟೆಲ್ಲ ವಿವರಿಸಿದ ಮೇಲೂ ನೆರೆಮನೆಯವರು "ಹಾಗಾದ್ರೆ ನಾಳೆ ಮಳೆ ಬರುತ್ತಾ?" ಎಂದರೆ ಭಾವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಕೇಬಲ್‌ಗಳೆಲ್ಲ ಒಂದೇ ಉದ್ದ ಇರಬೇಕು. ಇಲ್ಲದಿದ್ದರೆ ರೇಡಾರ್ ಕಿರಣ ನೆಟ್ಟಗೆ ಹೋಗದೆ ಓರೆಯಾಗುತ್ತದೆ. ಈ ಉದ್ದದ ಹುಚ್ಚಿಗೆ ಕೇಂದ್ರದವರು ಭಾವನಿಗೆ 'ಅಳತೆ ಮೇಸ್ತ್ರಿ' ಎಂದು ಹೆಸರಿಟ್ಟಿದ್ದರು. ಮದುವೆಯಾದ ಮರುದಿನವೇ ಮಂಚ ಗೋಡೆಗೆ ಅರ್ಧ ಇಂಚು ಓರೆ ಎಂದು ಅಕ್ಕನನ್ನು ಎಬ್ಬಿಸಿ ಸರಿಪಡಿಸಿದ ಮಹಾನುಭಾವರು. ಅಕ್ಕ ಅದನ್ನು ಇನ್ನೂ ಮರೆತಿಲ್ಲ, ನಮಗೂ ಮರೆಯಲು ಬಿಟ್ಟಿಲ್ಲ.

ಕೇಂದ್ರದ ವಿಜ್ಞಾನಿ ಮೇಡಂ ಒಂದು ದೊಡ್ಡ ವಿಷಯ ಕಂಡುಹಿಡಿದಿದ್ದರು. ಇಲ್ಲಿ ಮೇಲಿನ ಗಾಳಿ ಆರು ತಿಂಗಳು ಕೆಳಗಿಳಿಯುತ್ತದೆ, ಆರು ತಿಂಗಳು ಮೇಲೇರುತ್ತದೆ, ಅಂದರೆ ಆಕಾಶ ಉಸಿರಾಡುತ್ತದೆ. ಸೋಮವಾರ ಅದನ್ನು ಹೊರದೇಶದ ಸಮ್ಮೇಳನದಲ್ಲಿ ಮಂಡಿಸಬೇಕಿತ್ತು. ಗುರುವಾರ ಕ್ಯಾಂಟೀನಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಅಭ್ಯಾಸ ಮಾಡಿದರು.

"ಇದು ಶುರುವಾಗಿದ್ದು ಮೂರು ವರ್ಷದ ಹಿಂದೆ," ಎಂದು ಪರದೆಯ ಗೆರೆ ತೋರಿಸಿದರು.

ಭಾವನ ಕೈಯಲ್ಲಿದ್ದ ಚಹಾ ಅಲ್ಲೇ ಆರಿಹೋಯಿತು. ಮೂರು ವರ್ಷದ ಹಿಂದೆ, ಸರಿಯಾಗಿ ಅದೇ ತಿಂಗಳು, ಚರಂಡಿಯ ಇಲಿಗಳು ಬಯಲಿನ ಪೂರ್ವಭಾಗದ ಕೇಬಲ್ ತುದಿಗಳನ್ನೆಲ್ಲ ಕಡಿದುಹಾಕಿದ್ದವು. ಭಾವ ಐನೂರು ಕೇಬಲ್‌ಗಳಿಂದಲೂ ಒಂದೊಂದು ಗೇಣು ಕತ್ತರಿಸಿ, ಹೊಸ ತುದಿ ಹಾಕಿ, ಒಂದರ ಪಕ್ಕ ಒಂದಿಟ್ಟು ಅಳೆದಿದ್ದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಇಲಿ ಮುಟ್ಟದ ಪಶ್ಚಿಮದ ಐನೂರರ ಪಕ್ಕ ಇಟ್ಟು ನೋಡುವುದೊಂದೇ ಮರೆತುಹೋಗಿತ್ತು.

ಅಂದು ಊಟಕ್ಕೆ ಕೂತಾಗ ವಿಷಯ ಹೊರಬಿತ್ತು. ನಾನೂ ಅಲ್ಲೇ ಇದ್ದೆ.

"ರೀ, ಯಾರಿಗೂ ಗೊತ್ತಿಲ್ಲ ಅಂದ್ಮೇಲೆ ಸುಮ್ನಿದ್ಬಿಡಿ," ಎಂದಳು ಅಕ್ಕ. "ನಿವೃತ್ತಿಗೆ ಇನ್ನೆರಡು ವರ್ಷ. ಇಷ್ಟು ವರ್ಷ ಗಳಿಸಿದ ಹೆಸರು ಮಣ್ಣುಪಾಲಾಗುತ್ತೆ."

"ಆಕಾಶ ಉಸಿರಾಡ್ತಿಲ್ಲ ಕಣೇ. ಓರೆಯಾಗಿರೋದು ನನ್ನ ಕೇಬಲ್ಲು."

ನಾನು ಅಕ್ಕನ ಪರವೇ ವಾದಿಸಿದೆ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಭಾವ ಮೇಡಂ ಕೋಣೆಗೆ ಹೋಗಿ ಒಂದೇ ಉಸಿರಿಗೆ ಎಲ್ಲ ಹೇಳಿದರು. ಮೇಡಂ ಬಯಲಿಗೆ ಬಂದು ತಾವೇ ಟೇಪು ಹಿಡಿದರು, ಹಿಂದಿರುಗಿ ಒಂದು ಗಂಟೆ ಲೆಕ್ಕ ಹಾಕಿದರು. ಕಿರಣ ಕಾಲು ಡಿಗ್ರಿಗಿಂತ ತುಸು ಹೆಚ್ಚು ಪಶ್ಚಿಮಕ್ಕೆ ವಾಲಿತ್ತು. ಅಡ್ಡಲಾಗಿ ಬೀಸುವ ಗಾಳಿಯೇ ಆ ವಾಲಿದ ಕಿರಣಕ್ಕೆ ಇಳಿದಂತೆ ಕಂಡಿತ್ತು, ಗಾಳಿಯ ದಿಕ್ಕು ಬದಲಾದಾಗ ಏರಿದಂತೆ. ಮೂರು ವರ್ಷದ ಕೆಲಸ ನೀರಿನಲ್ಲಿ ಹೋಮವಾಯಿತು. ಮೇಡಂ ಬೈದಿದ್ದರೆ ಭಾವನಿಗೆ ಹಗುರಾಗುತ್ತಿತ್ತೇನೋ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಟಿಕೆಟ್ ರದ್ದು ಮಾಡಿಸಿದರು.

ಹಿಂದೆ ಅಚ್ಚಾಗಿದ್ದ ಲೇಖನಗಳಿಗೆ ತಿದ್ದುಪಡಿ ಕಳಿಸಬೇಕಿತ್ತು. ಮೇಡಂ ದೊಡ್ಡ ಮನಸ್ಸಿನವರು. ಕಾರಣ ಎಂಬಲ್ಲಿ 'ಇಲಿಗಳಿಂದಾದ ಹಾನಿ' ಎಂದಷ್ಟೇ ಬರೆದು ಭಾವನಿಗೆ ಓದಿಹೇಳಿದರು.

"ಇಲಿ ಕಡಿದಿದ್ದು ತುದಿ ಮಾತ್ರ ಮೇಡಂ," ಎಂದರು ಭಾವ. "ಅರ್ಧ ಬಯಲು ಅಳೆದು ಕೈ ತೊಳ್ಕೊಂಡಿದ್ದು ನಾನು. ಹಾಗೇ ಬರೀರಿ."

"ನಿಮ್ಮ ಮೇಲೆ ಕ್ರಮ ತಗೋಬಹುದು."

"ತಗೊಳ್ಳಲಿ. ಇಲಿ ಮೇಲೆ ಹಾಕಿದ್ರೆ ಮುಂದೆ ಬರೋನೂ ಇದೇ ತಪ್ಪು ಮಾಡ್ತಾನೆ."

ಭಾವನಿಗೆ ಒಂದು ವರ್ಷದ ಸಂಬಳದ ಬಡ್ತಿ ಕೈತಪ್ಪಿತು. 'ದುರಸ್ತಿಯ ನಂತರ ಕೇಬಲ್‌ಗಳ ಉದ್ದವನ್ನು ಅರ್ಧ ಬಯಲಿನಲ್ಲಿ ಮಾತ್ರ ಹೋಲಿಸಲಾಗಿತ್ತು. ದೋಷವನ್ನು ಪತ್ತೆಹಚ್ಚಿದವರು ಆ ಕೆಲಸ ಮಾಡಿದ ತಂತ್ರಜ್ಞರೇ' ಎಂದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಇಪ್ಪತ್ತೆಂಟು ವರ್ಷಗಳಲ್ಲಿ ಭಾವನ ಬಗ್ಗೆ ಅಚ್ಚಾದ ಏಕೈಕ ವಾಕ್ಯ ಅದು. ಅಕ್ಕ ಆ ಹಾಳೆಯನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಬಚ್ಚಿಡುತ್ತಾಳೆ. ಮನೆಗೆ ಯಾರೇ ಬಂದರೂ ಭಾವ ಅದನ್ನು ಹುಡುಕಿ ತಂದು ತೋರಿಸುತ್ತಾರೆ.