ಅರವತ್ತೊಂದನೆಯ ಕಲ್ಲು

ಕೊಳಕೂರಿನಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಪತ್ರಿಕೆಗೆ ಬರೆಯಲು ಬಂದ ನನ್ನೆದುರು ಹಣಮವ್ವ ಅಂಗಳದಲ್ಲಿ ಕೂತು ಕಲ್ಲುಗಳನ್ನು ಒಂದೊಂದಾಗಿ ಹಳೆಯ ಸೀರೆಯ ಚೂರಿನಲ್ಲಿ ಸುತ್ತಿ ಗೋಣಿಚೀಲಕ್ಕೆ ಇಳಿಸುತ್ತಾಳೆ. ನೀರಿಗೆ ಹೊರಟ ಗುರುಬಾಯಿ ನಿಂತು ಕೇಳುತ್ತಾಳೆ: "ಏನ ಬೇ, ಇವತ್ತ ಕಲ್ಲಿನ ರೊಟ್ಟಿ ಬುತ್ತಿ ಕಟ್ಟೀದೇನು?"

"ನಿನ್ನ ರೊಟ್ಟಿಗಿಂತ ಮೆತ್ತಗದಾವ, ಹೋಗ ಬೇ."

ಹಣಮವ್ವನಿಗೆ ನಲವತ್ತರ ಆಸುಪಾಸು. ಎರಡು ತಿಂಗಳಿಂದ ಮೆಹಬೂಬ ಎಂಬ ವಿದ್ಯಾರ್ಥಿಯ ಕಲ್ಲು ಕೂಲಿಗೆ ಹೊರುತ್ತಿದ್ದಾಳೆ. ಕಲಬುರ್ಗಿಯ ಈ ತರುಣ ಹೈದರಾಬಾದಿನಲ್ಲಿ ಬಿ.ಎಸ್ಸಿ. ಓದುತ್ತಾನೆ. ಆಳಂದ, ಅಫಜಲಪುರದ ಕಡೆ ನೆಲವೆಲ್ಲ ಕರಿಕಲ್ಲು. ಇಲ್ಲಿ ಜೇವರ್ಗಿಯ ಕಡೆ ಹಾಸುಗಲ್ಲು. ಇವೆರಡೂ ಒಂದರ ಮೇಲೊಂದು ಕೂತಿರುವ ಜಾಗ ಹುಡುಕುವುದು ಅವನ ಬೇಸಿಗೆ ರಜೆಯ ಕೆಲಸ. ನೋಟ್‌ಬುಕ್ಕು ಅವನದು. ಉಳಿದದ್ದೆಲ್ಲ ಇವಳದು: ದಿನಕ್ಕೆ ಹತ್ತು ಮೈಲಿ ನಡಿಗೆ, ತಲೆಯ ಮೇಲೆ ಅರ್ಧ ಮಣ ಭಾರ. ಬಾವಿ ಬಂದರೆ ಹಗ್ಗ ಹಿಡಿದು ಇಳಿಯುವವಳೂ ಇವಳೇ.

ಮಹಾಯುದ್ಧದಿಂದಾಗಿ ಚೀಟಿ ಅಂಟಿಸಲು ಕಾಗದ ಸಿಗುವುದಿಲ್ಲ. ಮೆಹಬೂಬ ಕಲ್ಲಿನ ಮೇಲೇ ಶಾಯಿಯಲ್ಲಿ ಅಂಕಿ ಬರೆದಿದ್ದ. ಕಳೆದ ವಾರ ಹಣಮವ್ವ ಅರವತ್ತೊಂದು ಕಲ್ಲನ್ನೂ ಹಳ್ಳದಲ್ಲಿ ತಿಕ್ಕಿ ತೊಳೆದಳು. ಅಂಕಿಗಳೆಲ್ಲ ಹೋದವು; ಯಾವ ಕಲ್ಲು ಎಲ್ಲಿಯದೆಂದು ಅವನಿಗೆ ತಿಳಿಯದಾಯಿತು.

"ಖಣಿಯಾಗ ತೊಳೀಲಾರದ ಕಲ್ಲ ಯಾರೂ ಮುಟ್ಟತಿದ್ದಿಲ್ರಿ. ತೊಯಿಸಿದರನ ಬಿರುಕು ಕಾಣತದ. ಸಾಹೇಬ್ರು ಕಾಲೇಜಿಗೆ ಒಯ್ಯೂದು, ಮಣ್ಣ ಹತ್ತಿದ್ದ ಹ್ಯಾಂಗ ಕೊಡ್ಲಿ?" ಎಂದು ನನಗೆ ಹೇಳುತ್ತಾಳೆ.

ಹನ್ನೆರಡು ವರ್ಷ ಅವಳು ಗಂಡ ಚಂದಪ್ಪನ ಜೊತೆ ಹಾಸುಗಲ್ಲಿನ ಗಣಿಯಲ್ಲಿ ದುಡಿದವಳು. ಚಂದಪ್ಪ ಅಲ್ಲೇ ಕಲ್ಲಿನಡಿ ಸಿಕ್ಕು ಸತ್ತ. ಮೂರನೆಯ ದಿನ ಅವಳು ಅದೇ ಗುಂಡಿಗೆ ಇಳಿದಳು. ಬೇರೆ ದಾರಿ ಇರಲಿಲ್ಲ.

ಅಂಕಿ ಹೋದ ಕಲ್ಲುಗಳನ್ನು ಎತ್ತಿ ಎತ್ತಿ ಅವಳು ಜಾಗ ಹೇಳಿದಳು. ಮೆಹಬೂಬ ನಂಬಲಿಲ್ಲ. ನಾಲ್ಕು ದಿನ ಅವನನ್ನು ತಿರುಗಿಸಿ, ಒಡೆದ ಚೂರನ್ನು ಅದರ ಬಂಡೆಗೇ ಕೂರಿಸಿ ತೋರಿಸಿದಳು. ಅರವತ್ತು ಸರಿಯಾಗಿ ಕೂತವು.

ಉಳಿದದ್ದು ಒಂದು. ಮೇಲೆ ಕರಿಕಲ್ಲು, ಕೆಳಗೆ ಬಿಳಿ ಹಾಸುಗಲ್ಲು, ನಡುವೆ ಬೆರಳಗಲ ಸುಟ್ಟ ಕೆಂಪು. ಅವನು ಬೇಸಿಗೆಯೆಲ್ಲ ಹುಡುಕಿದ್ದು ಇದನ್ನೇ. ಕೆಸರು ಮೆತ್ತಿದ್ದಾಗ ಯಾರಿಗೂ ಕಂಡಿರಲಿಲ್ಲ. ತೊಳೆದ ಮೇಲೇ ಕಂಡದ್ದು. ಅದು ಕಲ್ಯಾಣಪ್ಪನ ಬಾವಿಯದು ಎನ್ನುತ್ತಾಳೆ ಹಣಮವ್ವ. ಆದರೆ ಆ ಕಲ್ಲು ತೆಗೆದ ದಿನ ಅವಳು ಮೂರು ಬಾವಿ ಇಳಿದಿದ್ದಳು, ಮೆಹಬೂಬ ಮೇಲೆ ನಿಂತಿದ್ದ. ಮೊನ್ನೆಯ ಮಳೆಗೆ ಹಳ್ಳ ಉಕ್ಕಿ ಮೂರೂ ತುಂಬಿವೆ, ಇಳಿದು ಕೂರಿಸಿ ನೋಡುವಂತಿಲ್ಲ. ಅವನ ರಜೆ ಮುಗಿದಿದೆ.

ಹೊತ್ತು ಏರುವಷ್ಟರಲ್ಲಿ ಕಲ್ಲು ಒಯ್ಯಲು ಮೆಹಬೂಬನ ಬಂಡಿ ಬರುತ್ತದೆ. ಮೆಹಬೂಬ ನೋಟ್‌ಬುಕ್ಕು ತೆರೆಯುತ್ತಾನೆ. "ನಮ್ಮ ಪ್ರೊಫೆಸರು ಕೇಳಿದರ ಏನ ಹೇಳ್ಲಿ? ಹಣಮವ್ವ ಅಂದಾಳ ಅಂತ ಬರೀಲೇನು?"

"ಬರೀರಿ ಮತ್ತ. ಇಳದಾಕಿ ನಾನಽ ಅಲ್ಲೇನ್ರಿ?"

ಬಂಡಿಯವನು ನಗುತ್ತಾನೆ. ಮೆಹಬೂಬ ನಗುವುದಿಲ್ಲ. "ಹಂಗ ನಡಿಯೂದಿಲ್ಲವ್ವ" ಎಂದು ಕೊನೆಯ ಸಾಲಿನಲ್ಲಿ 'ಜಾಗ ಗೊತ್ತಿಲ್ಲ' ಎಂದು ಬರೆದು, ಶಾಯಿ ಆರಲೆಂದು ಊದುತ್ತಾನೆ.

ಬಂಡಿ ಹೋದ ಮೇಲೆ ಹಣಮವ್ವ ಅಲ್ಲೇ ನಿಂತಿದ್ದಾಳೆ. ನಾಳೆಯಿಂದ ಅವಳಿಗೆ ಕೆಲಸವಿಲ್ಲ.

"ನನ್ನ ಹೆಸರ ಬ್ಯಾಡ್ರಿ. ಬಾವೀದರ ಬರೀಬೇಕಿತ್ತು" ಎನ್ನುತ್ತಾಳೆ. ಆಮೇಲೆ, ನಾನು ಬರೆದುಕೊಳ್ಳುವುದನ್ನು ನೋಡಿ, ನಿಧಾನವಾಗಿ ಹೇಳುತ್ತಾಳೆ: "ಕಲ್ಯಾಣಪ್ಪನ ಬಾವಿ. ಮೂರಾಳುದ್ದ ಕೆಳಗ, ಎಡಗೈ ಕಡೆ."