ಆರದೆ ಉರಿದ ಕೀಬೋರ್ಡು

ಹಳೆ ಕೀಬೋರ್ಡು ಕೊಟ್ಟು ಹೊಸದು ಒಯ್ಯುವ ವ್ಯಾಪಾರ; ಹಳೆಯದಕ್ಕೆ ನಾನು ಫೋನಿನಲ್ಲಿ ಹೇಳಿದ್ದು ಎರಡು ಸಾವಿರ. ಮಾಂಬಳ್ಳಿ ಭಜನೆ ಮನೆಯ ಮಾದಪ್ಪನವರು ಅದನ್ನು ಕೊಳ್ಳೇಗಾಲದ ನನ್ನ ವಾದ್ಯಗಳ ಅಂಗಡಿಗೆ ಹೊತ್ತು ತಂದರು. ಆ ಬೆಲೆಯನ್ನು ಇನ್ನಷ್ಟು ಇಳಿಸೋಣವೆಂದು, “ಭಜನೆ ಮುಗಿದ ಮೇಲೆ ಆಫ್ ಮಾಡ್ತಿದ್ರಾ?” ಎಂದೆ.

“ಎಲ್ಲಿ ಸಾವ್ಕಾರ್ರೆ! ಕಾರ್ತೀಕ ಮುಗಿಯೋಗಂಟ ಸ್ರುತಿ ನಿಲ್ಲುಸ್ಬಾರ್ದು. ಕೀಗೆ ಬೆಂಕಿಕಡ್ಡಿ ಸಿಗ್ಸಿ ಬುಟ್ಬುಡ್ತೀವಿ, ತಿಂಗ್ಳು ಪೂರ್ತಿ ಅದರ ಪಾಡಿಗದು ಕೂಗ್ತಾ ಇರ್ತದೆ.”

“ಹಾಗಿಟ್ಟರೆ ಬಿಸಿಗೆ ಒಳಗಿನ ಭಾಗಗಳ ಆಯಸ್ಸು ಕಮ್ಮಿಯಾಗುತ್ತೆ. ಒಂದು ಸಾವಿರ ಕೊಡಬಹುದು.” ಮಾತು ಸುಳ್ಳಲ್ಲ, ಸಾವಿರ ಕಳೆಯುವಷ್ಟು ನಿಜವೂ ಅಲ್ಲ.

ಅವರು ಕೌಂಟರಿನ ಮೇಲೆ ದೀಪ ಉರಿಯುತ್ತಿದ್ದ ಹೊಸ ಕೀಬೋರ್ಡಿನತ್ತ ನೋಡಿದರು. “ಇದ ಯಾವಾಗ ಆನ್ ಮಾಡುದ್ರಿ?”

“ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ. ದಿನಾಲೂ ಹಾಗೇ, ಗಿರಾಕಿ ಕಣ್ಣಿಗೆ ಬೀಳಬೇಕಲ್ಲ.”

“ಅಂಗಾದ್ರೆ ಇದರ ಆಯಸ್ಸೂ ಕಮ್ಮಿ ಆಯ್ತಲ್ಲ. ಇದ್ಕೂ ಒಂದ್ಸಾವ್ರ ಕಳೀರಿ ಮತ್ತೆ!”

ಆ ಮಾದರಿಯಲ್ಲಿ ನನ್ನ ಬಳಿ ಇದ್ದದ್ದು ಅದೊಂದೇ; ಆನ್ ಮಾಡದ ಇನ್ನೊಂದನ್ನು ಕೊಡುವಂತಿರಲಿಲ್ಲ. ನಗು ತಡೆಯಲಾಗದೆ, ಹಳೆಯದಕ್ಕೆ ಮೊದಲು ಹೇಳಿದ ಬೆಲೆಯನ್ನೇ ಹಿಡಿದೆ. ಈಗ ಗಿರಾಕಿ ಬಂದು ಕೂತ ಮೇಲೆಯೇ ಸ್ವಿಚ್ ಹಾಕುತ್ತೇನೆ. ಕರೆಂಟ್ ಬಿಲ್ಲು ತುಸು ಇಳಿದಿದೆ. ಆ ಚೌಕಾಸಿಯಿಂದ ನನಗೆ ಗಿಟ್ಟಿದ್ದು ಅಷ್ಟೇ.