ಹೂವಿನ ನೀರು ಲಾಮಾ ಹೊಟ್ಟೆಗೆ

ಇವತ್ತು ಮಧ್ಯಾಹ್ನ ಜೀವ ಬಾಯಿಗೆ ಬಂದಿತ್ತು ಕಣ್ರೀ. ಬಾಳೆಲೆ ಊರಿನ ನಮ್ಮ ಹೋಂಸ್ಟೇಗೆ ಬರುವವರು ಸೆಲ್ಫಿ ತೆಗೆದುಕೊಳ್ಳಲಿ ಎಂದು ಯಜಮಾನರು ತಂದ ಲಾಮಾ, ಅದೇ ಒಂಟೆ ಜಾತಿಯ ಉಣ್ಣೆಯ ಪ್ರಾಣಿ, ಬಿಸಿಲಿಗೆ ಬಾಯಿ ತೆರೆದು ಏದುಸಿರು ಬಿಡುತ್ತಾ ಕುಸಿದು ಕುಳಿತಿತು. ಹಸುವಿಗೆ ಮಾಡುವ ಹಾಗೆ ಬೆನ್ನ ಮೇಲೆ ಬಕೆಟ್ ನೀರು ಸುರಿದೆ. ಏದುಸಿರು ಇನ್ನೂ ಜೋರಾಯಿತು!

ಪಶುವೈದ್ಯರಿಗೆ ಫೋನ್ ಮಾಡಿದೆ.

"ಅಯ್ಯೋ ಅಕ್ಕಾ, ಬೆನ್ನಿಗೆ ಹಾಕ್ಬೇಡಿ! ಒದ್ದೆ ಉಣ್ಣೆ ಒಳಗಿನ ಬಿಸಿನ ಹೊರಗೆ ಬಿಡಲ್ಲ. ಹೊಟ್ಟೆಗೆ, ಕಾಲಿಗೆ ನೀರು ಬಿಡ್ತಾನೇ ಇರಿ, ನಾನು ಹೊರಟೆ."

ನಲ್ಲಿಯಲ್ಲಿ ತೊಟ್ಟೂ ನೀರಿಲ್ಲ. ಕೆರೆಯ ನೀರೆಲ್ಲ ತೋಟದ ಸ್ಪ್ರಿಂಕ್ಲರಿಗೆ ಹೋಗುತ್ತಿತ್ತು.

"ರೀ, ಪೈಪ್ ಈ ಕಡೆ ತಿರುಗಿಸಿ!"

"ಕಾಫಿ ಮೊಗ್ಗಿಗೆ ನೀರು ಅರ್ಧಕ್ಕೆ ನಿಲ್ಸಿದ್ರೆ ಹೂವೇ ಕೆಡುತ್ತೆ ಮಾರಾಯ್ತಿ!"

"ಇದು ಸಾಯ್ತಾ ಇದೆ!"

ನಾನೇ ಓಡಿಹೋಗಿ ಪೈಪಿನ ಜಾಯಿಂಟ್ ಕಿತ್ತು ನೀರನ್ನು ಲಾಮಾದ ಹೊಟ್ಟೆಯಡಿಗೆ ಹರಿಸಿದೆ. ವೈದ್ಯರು ಬರುವಷ್ಟರಲ್ಲಿ ಅದು ಬಾಯಿ ಮುಚ್ಚಿತ್ತು. ಅದು ಒಳ್ಳೆಯ ಲಕ್ಷಣವಂತೆ. ನಾಳೆಯೇ ಉಣ್ಣೆ ಕತ್ತರಿಸಬೇಕಂತೆ.

ಆಗಿನಿಂದ ಯಜಮಾನರೂ ಬಾಯಿ ಮುಚ್ಚಿಕೊಂಡೇ ಇದ್ದಾರೆ. ಇದು ಯಾವ ಲಕ್ಷಣ ಎಂದು ವೈದ್ಯರನ್ನು ಕೇಳಲು ಧೈರ್ಯ ಸಾಲಲಿಲ್ಲ.